ಬಾಯಿ ಕಟ್ಟಿದ ಲೇಜೀಮು

ಮುಂಜಾನಿ ಕದದ ಹಿಂದ ಕಸಾ ಹೊಡಿಯುವಾಗ ಕಸಬರಿಗಿ ಲೇಜೀಮಿಗೆ ಬಡೀತು. ಮೊಳಿಗೆ ತೂಗಹಾಕಿದ ಲೇಜೀಮು ಗಾಳಿ ತಾಗಿದ್ರೂ ಝಲ್ ಅನ್ನಬೇಕು. ಇದು ಅನ್ನಲಿಲ್ಲ. ಗ್ವಾಡಿಗೆ ಒಣಾ ಕಟ್ಟಿಗಿ ಬಡಿದಂಗ ಠಕ್ ಅಂದು ಸುಮ್ಮನಾತು.

ನಿಮಗ ಲೇಜೀಮು ಗೊತ್ತೈತಲ್ಲ? ಒಂದು ಕಟ್ಟಿಗಿ, ಅದರ ಎರಡೂ ತುದಿಗೆ ಸಿಗಿಸಿದ ಸರಪಳಿ, ಸರಪಳಿ ತುಂಬ ತಗಡಿನ ಬಿಲ್ಲಿ. ನಮ್ಮ ಕಡೆ ಸಾಲ್ಯಾಗ ಹುಡುಗರು ಹಲಗಿ ಹೊಡತಕ್ಕ ಇದನ್ನ ಬಾರಿಸ್ಕೋತ ಹೆಜ್ಜಿ ಹಾಕ್ತಾರ. ನಮ್ಮ ಖೋಲ್ಯಾಗಿನ ಲೇಜೀಮಿನ ಸರಪಳಿ, ಬಿಲ್ಲಿ ಎಲ್ಲಾ ಕಟ್ಟಿಗಿಗೆ ಸೇರಿಸಿ ನನ್ನ ಮಗ ಸುತಳಿಲೆ ಬಿಗಿದು ಗಂಟ ಹಾಕ್ಯಾನ. ಪಡದಾಗ ದ್ರಾಕ್ಷಿ ಬಳ್ಳಿ ಕಟ್ಟೂ ಸುತಳಿ ಅದು. ಕಣದಾಗ ಎತ್ತು ತೆನಿಗೆ ಬಾಯಿ ಹಾಕೀತು ಅಂತ ಅದರ ಬಾಯಿ ಕಟ್ಟೂದ ನೋಡೀನಿ. ಲೇಜೀಮಿನ ಬಾಯಿ ಕಟ್ಟಿದ್ದು ನನ್ನ ಜೀವಮಾನದಾಗ ಇದ ಮೊದಲು.

ಆ ಠಕ್ ಕೇಳಿ ನಾನು ಕಸಬರಿಗಿ ಒಗದು ಅಲ್ಲೇ ಕುಂತುಬಿಟ್ಟೆ. ಸಿಟ್ಟು ಬಂದ್ರ ನನಗ ನಿಂತು ಕೆಲಸಾ ಮಾಡಾಕ ಆಗೂದಿಲ್ಲ, ಕುಂತು ಬೈಬೇಕು. ಬೈಯಾಕ ಎದುರಿಗೆ ಯಾರೂ ಇರಲಿಲ್ಲ. ಚಾಪಿ ಮ್ಯಾಲ ಮೊಮ್ಮಗಳು ಪ್ರೀತಿ ಹೊಟ್ಟಿ ಹಿಡಕೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದಳು. ಸಾಲಿ ಹೊತ್ತಾತು ಅಂದ್ರ ಅಕಿಗೆ ಹೊಟ್ಟಿನೋವು ಬರ್ತೈತಿ, ಐತಾರ ಬರೂದಿಲ್ಲ. ಅದಕ್ಕ ನಿಮ್ಮ ಮುಂದ ಬೈತೇನಿ, ಕೇಳ್ರಿ.

ನಮ್ಮದು ತಿಕೋಟಾ. ಈಗ ಇರೂದು ಬಿಜಾಪುರದಾಗ, ಒಂದ ಖೋಲಿಯೊಳಗ. ಬೋರ್ಡಿನ ಮ್ಯಾಲ ವಿಜಯಪುರ ಅಂತ ಬರದು ಎಷ್ಟೋ ವರ್ಷಾತು, ನನ್ನ ನಾಲಿಗಿ ಆ ಬೋರ್ಡ್ ಇನ್ನೂ ಓದಿಲ್ಲ. ನಮ್ಮ ಕಡೆ ಒಂದು ಹೊಸಾ ರೂಢಿ ಹುಟ್ಟೈತಿ. ಕೂಸು ನಾಕನೇ ಇಯತ್ತೆ ದಾಟಿತು ಅಂದ್ರ ಅದನ್ನ ಶಹರಕ್ಕ ತಂದು, ಖೋಲಿ ಹಿಡದು, ಕೋಚಿಂಗಿಗೆ ಹಾಕೂದು. ವಸತಿ ಸಾಲಿಗೋಳಿಗೆ ಸೇರಾಕ ಪರೀಕ್ಷೆ ಇರ್ತಾವಲ್ಲ, ಅದರ ಸಲುವಾಗಿ. ಅಪ್ಪ ಅವ್ವಗ ಹೊಲಾ ಪಡಾ ಬಿಟ್ಟು ಬರಾಕ ಆಗೂದಿಲ್ಲ, ಅದಕ್ಕ ರೊಟ್ಟಿ ಬಡಿಯಾಕ ಮುದುಕ್ಯಾರನ್ನ ಕಳಸ್ತಾರ. ನಮ್ಮ ಚಾಳಿನ್ಯಾಗ ಇಂಥಾ ಆಯಿಗೋಳ ತುಂಬೇವಿ. ತುದಿ ಖೋಲ್ಯಾಗ ಬಬಲೇಶ್ವರದಾಕಿ, ನನ್ನ ಬಾಜೂಕ ಮಮದಾಪುರದ ಖಾಜಾಬಿ. ಮುಂಜಾನಿ ಎಲ್ಲಾ ಖೋಲ್ಯಾಗೂ ಒಮ್ಮೆಲೆ ರೊಟ್ಟಿ ಬಡಿಯೂ ಸಪ್ಪಳ ಎದ್ರ, ಯಾರದೋ ಮದುವಿ ಐತಿ ಅನ್ನಬೇಕು, ಹಂಗಿರ್ತೈತಿ. ಒಂದು ಮೊಮ್ಮಗಾ ಪರೀಕ್ಷೆ ಬರದು ಹ್ವಾದ್ರ ಇನ್ನೊಂದು ಬರ್ತೈತಿ. ಆಯಿ ಮಾತ್ರ ನಪಾಸಾದಾಕಿಯಂಗ ಅದ ಖೋಲ್ಯಾಗ.

ಪ್ರೀತಿ ಐದನೇ ಇಯತ್ತೆ. ಹಗಲೆಲ್ಲಾ ಸಾಲಿ, ಸಂಜಿಕ ಕೋಚಿಂಗ. ಬಂದ ಹೊಸತರಾಗ ಹುಡುಗಿ ಶಹರ ನೋಡಿ ಬೆದರಿತ್ತು. ಮಾತಿಲ್ಲ, ಕತಿಯಿಲ್ಲ, ಹಾಕಿದ ರೊಟ್ಟಿ ಅರ್ಧಾ ಬಿಡೂದು. ಒಂದಿನ ಸಾಲ್ಯಾಗ ಆಟದ ಸರ್ ಎಲ್ಲಾರ ಕೈಯಾಗ ಲೇಜೀಮು ಕೊಟ್ರಂತ. ಇಕಿ ತಿಕೋಟಾ ಸಾಲ್ಯಾಗ ಮೊದಲ ಕಲತಾಕಿ. ಒಂದ ಸುತ್ತ ಹಾಕಿದ್ದು ನೋಡಿ ಸರ್ ತಮ್ಮ ಕೊಳ್ಳಾಗಿನ ಸೀಟಿ ತಗದು ಅಕೀ ಕೊಳ್ಳಿಗೆ ಹಾಕಿ ಮುಂದಿನ ಸಾಲಿನ್ಯಾಗ ನಿಲ್ಲಿಸಿದ್ರಂತ. ಅವತ್ತ ಮನಿಗೆ ಬಂದಾಕಿ ಚಪ್ಪಲಿ ಬಿಡೂದಕ್ಕೂ ತಡಾ ಮಾಡಲಿಲ್ಲ.

‘ಆಯೀ, ನಾ ಸೀಟಿ ಊದಿದ್ರ ಏಳನೇ ಇಯತ್ತೆ ಹುಡುಗರೂ ತಿರುಗಬೇಕು!’

‘ಹಂಗಾರ ಇಲ್ಲೇ ಒಂದ ಸಲ ಊದು. ತಿಕೋಟಾದಾಗ ನಿಮ್ಮಪ್ಪ ತಿರುಗತಾನೇನು ನೋಡೂನು.’

ಊದಿದಳು. ಖಾಜಾಬಿ ಖೋಲ್ಯಾಗ ತಾಟು ಬಿದ್ದು ಉರುಳಿದ ಸಪ್ಪಳ ಕೇಳಿತು.

ಅಲ್ಲಿಂದ ಹುಡುಗಿ ಬ್ಯಾರೆನ ಆತು. ಮೈಯೆಲ್ಲಾ ಧೂಳು ಮಾಡಿಕೊಂಡು ಬರೂದು, ಕೈಕಾಲ ತೊಳಕೊಂಡು ಎರಡು ರೊಟ್ಟಿ ಪಲ್ಲೆ ತಿನ್ನೂದು, ಕೋಚಿಂಗಿನಿಂದ ಬಂದು ಗಟ್ಟಿಯಾಗಿ ಓದೂದು. ‘ನಿನ್ನ ಮೊಮ್ಮಗಳು ಓದಿದ್ರ ಗ್ವಾಡಿ ಈಕಡೆ ನನಗೂ ಪಾಠ ಬರಾಕತ್ತಾವ ನೋಡವ್ವಾ, ಈ ವರ್ಷ ನಾನೂ ಪರೀಕ್ಷೆಗೆ ಕುಂದರತೇನಿ,’ ಅಂತಿದ್ದಳು ಖಾಜಾಬಿ.

ಅಷ್ಟರಾಗ ಕೋಚಿಂಗಿನ ಒಂದು ಟೆಸ್ಟಿನ್ಯಾಗ ಲೆಕ್ಕದ ಮಾರ್ಕ್ಸ ಕಡಿಮಿ ಬಂದುವು. ಅಲ್ಲಿನ ಸರ್ ನನ್ನ ಮಗ ಮಲ್ಲಪ್ಪಗ ಫೋನ್ ಹಚ್ಚಿ, ಹುಡುಗಿ ಲಕ್ಷ್ಯ ಕುಣಿತದ ಮ್ಯಾಲ ಐತಿ, ಬಿಡಿಸ್ರಿ ಅಂದ್ರಂತ. ಮಲ್ಲಪ್ಪ ಅವತ್ತ ಸಾಲಿಗೆ ಫೋನ್ ಮಾಡಿ ಅಕೀ ಹೆಸರು ತಗಸಿದಾ. ಮರುದಿನ ಮುಂಜಾನಿ ಮೊದಲನೇ ಬಸ್ಸಿಗೆ ಬಂದು ಇಳದಾ, ಕೈಯಾಗ ಬದನಿಕಾಯಿ ಚೀಲ, ಕಿಸೆದಾಗ ಸುತಳಿ.

‘ಏನ್ ಯವ್ವಾ, ಹುಡುಗಿನ್ನ ಇಲ್ಲೆ ಓದಾಕ ಇಟ್ಟೀನೋ ಕುಣಿಯಾಕ ಇಟ್ಟೀನೋ?’

‘ಅಕಿ ಎರಡೂ ಮಾಡಾಕತ್ತಾಳ. ನಿನಗೇನ ತ್ರಾಸು?’

‘ಎರಡು ದೋಣ್ಯಾಗ ಕಾಲಿಟ್ರ ಮುಳಗತಾರ ಬೇ.’

‘ತಿಕೋಟಾದಾಗ ಹುಟ್ಟಿದಾಂವಾ, ನೀ ಯಾವ ದೋಣಿ ನೋಡೀಯೋ?’

ಅವನಿಗೆ ನಗು ಬಂತು. ಆದ್ರ ಕೈ ಸುಮ್ಮನಾಗಲಿಲ್ಲ, ಸುತಳಿ ಸುತ್ತಿ ಗಂಟ ಹಾಕೇ ಹಾಕಿತು. ಕಳದ ವರ್ಷ ಬಜಾರಕ್ಕ ಹೋಗಿ ಆರಿಸಿ ಆರಿಸಿ ಆ ಲೇಜೀಮು ತಂದಾಂವನೂ ಅಂವನ. ಪ್ರೀತಿ ಅಳಲಿಲ್ಲ. ಕೊಳ್ಳಾಗಿನ ಸೀಟಿ ತಗದು ಮುಷ್ಟಿಯೊಳಗ ಹಿಡಕೊಂಡು, ‘ಇದು ಸರ್‌ದು, ನಾಳೆ ತಿರುಗಿ ಕೊಡತೇನಿ’ ಅಂದಳು. ಅತ್ತಿದ್ರ ಛಲೋ ಇತ್ತು.

ಆಮ್ಯಾಲೆ ಏನಾತು ಅಂತೀರಿ? ಉಳದ ಹೊತ್ತಿನ್ಯಾಗ ಓದು ಏರತೈತಿ ಅಂತ ಅವರ ಲೆಕ್ಕ. ಏರಿದ್ದು ಏನೂ ಇಲ್ಲ. ಪುಸ್ತಕ ತೆರಕೊಂಡು ಕುಂದರತಾಳ, ಒಂದ ಹಾಳಿ ತಿರುವೂದಿಲ್ಲ. ಆ ಪುಸ್ತಕದಾಗಿಂದು ನನಗ ತಿಳಿಯೂದಿಲ್ಲ ಖರೆ, ಆದ್ರ ಹಾಳಿ ತಿರುವಿತೋ ಇಲ್ಲೋ ನೋಡಾಕ ಬರ್ತೈತಿ. ಮತ್ತ ಮಾರ್ಕ್ಸ ಇಳದುವು. ಇಳದುವು ಅಂತ ಕೋಚಿಂಗ ಇನ್ನೊಂದು ತಾಸು ಹೆಚ್ಚ ಮಾಡಿದ್ರು. ಇನ್ನಷ್ಟು ಇಳದುವು. ಕೂಸು ಉಣ್ಣಲಿಲ್ಲ ಅಂತ ಅದರ ತಾಟಿಗೆ ಇನ್ನೊಂದು ರೊಟ್ಟಿ ಹಾಕೂ ಶಾಣ್ಯಾತನ ಇದು. ಹಸಿವಿ ಯಾಕ ಸತ್ತಿತು ಅಂತ ಒಬ್ಬರರ ಕೇಳಬ್ಯಾಡೇನ್ರಿ?

ನಾ ಕೇಳಾಕ ಸಾಲಿಗೆ ಹೋದೆ. ಕ್ಲಾಸಿನ ಅಕ್ಕೋರು ಪಾಪ ಖುರ್ಚಿ ಕೊಟ್ರು. ‘ನಾವೇನ ಬಿಡಿಸಿಲ್ರಿ ಅಜ್ಜಿ, ನಿಮ್ಮ ಮಗಾನ ಫೋನ್ ಮಾಡಿದ್ರು. ಪಾಲಕರು ಬ್ಯಾಡಂದ್ರ ನಾವೇನ ಮಾಡೂನ್ರಿ? ಆದ್ರ ಒಂದ ಮಾತ. ಮೊದಲ ನಾ ಏನರ ಪ್ರಶ್ನಿ ಕೇಳಿದ್ರ ಸಾಕ, ಪ್ರೀತಿ ಬೊಟ್ಟ ಎತ್ತತಿದ್ದಳು. ತಪ್ಪ ಹೇಳಲಿ ಬರೋಬ್ಬರಿ ಹೇಳಲಿ, ಬೊಟ್ಟ ಮಾತ್ರ ಮ್ಯಾಲ. ಈಗ ಎತ್ತೂದಿಲ್ರಿ.’ ಮಾರ್ಕ್ಸ ಇಳದಿದ್ದಕ್ಕಿಂತ ಈ ಬೊಟ್ಟ ಇಳದ ಮಾತು ನನ್ನ ಎದಿಗೆ ನಟ್ಟಿತು. ಯಾಕಂದ್ರ ಇಂಥಾದ್ದು ಹೆಂಗ ಮುಗೀತೈತಿ ಅಂತ ನನಗ ಗೊತ್ತೈತಿ.

ನನ್ನ ತವರಮನಿ ಬಬಲೇಶ್ವರದ ಕಡೆ ಒಂದು ಸಣ್ಣ ಹಳ್ಳಿ. ನಮ್ಮ ಕಾಲಕ್ಕ ಹೆಣ್ಣಹುಡುಗರಿಗೆ ಸಾಲಿ ಅಂದ್ರ ಸಗಣಿ ಸಾರಿಸೂದು. ಶನಿವಾರ ಮುಂಜಾನಿ ಗಂಡಹುಡುಗರು ಅಂಗಳದಾಗ ಲೇಜೀಮು ಹಿಡದು ಕವಾಯತು ಮಾಡತಿದ್ರು, ನಾವು ಒಳಗ ನೆಲಾ ಸಾರಿಸತಿದ್ವಿ. ಹೊರಗ ಸೀಟಿ ಬಿದ್ದಾಗ ನಾವೂ ಒಳಗ ಸಗಣಿ ಕೈಲೆ ಹೆಜ್ಜಿ ಹಾಕತಿದ್ವಿ. ಒಂದ ಶನಿವಾರ ಮಾಸ್ತರ್ರು ಕಿಡಕ್ಯಾಗ ಹಣಿಕಿ ಹಾಕಿದವರು ನೋಡೇಬಿಟ್ರು. ಈಗ ಬಡೀತಾರ ಅಂತ ನಾವು ನಿಂತಲ್ಲೇ ಕಂಬ ಆದ್ವಿ. ಅವರು, ‘ಕೈ ತೊಳಕೊಂಡು ಹೊರಗ ಬರ್ರಿ. ಹುಡುಗೂರಾ, ನೀವು ಒಳಗ ನಡೀರಿ, ಸಾರಿಸ್ರಿ,’ ಅಂದ್ರು. ಆ ದಿನ ನೆಲಾ ಹೆಂಗ ಸಾರಿಸಿದ್ರೋ ಏನೋ, ವಾರಗಟ್ಟಲೆ ಕಾಲಿಗೆ ಒಣಸಗಣಿ ಹೆಕ್ಕಳಿ ಹತ್ತತಿದ್ದುವು.

ಆ ಮಾಸ್ತರ್ರು ಲೇಜೀಮಿಗೆ ಒಂದು ಎರಡು ಮೂರು ಅಂತ ಎಣಿಸತಿರಲಿಲ್ಲ. ಮಗ್ಗಿ ಹೇಳಸತಿದ್ರು. ಏಳೊಂದ್ಲೆ ಏಳು, ಬಗ್ಗಿ ಝಲ್. ಏಳೆರಡ್ಲೆ ಹದಿನಾಕು, ಎದ್ದು ಝಲ್. ಏಳೆಂಟ್ಲೆ ಬಂದಾಗ ಪೂರಾ ಹಿಂದಕ್ಕ ತಿರುಗಬೇಕು. ನಾ ತಿರುಗೂದರಾಗ ಲೆಕ್ಕ ಕೈಬಿಡತಿತ್ತು. ಹಂಗಂತ ನಾ ಲೇಜೀಮು ಆಡಿ ದೊಡ್ಡ ಶಾಣ್ಯಾಕಿ ಆದೆ ಅಂತ ತಿಳಕೋಬ್ಯಾಡ್ರಿ. ಓದಿನ್ಯಾಗ ನಾ ಮಂದ ಇದ್ದೆ, ಮಂದ ಉಳದೆ. ಆದ್ರ ಸಾಲಿಗೆ ಹೋಗತಿದ್ದೆ. ಶನಿವಾರದ ಆಸೆಗೆ ಸೋಮಾರದಿಂದ ಹೋಗತಿದ್ದೆ. ಹ್ವಾದಾಕಿಗೆ ನಾಕು ಅಕ್ಷರ ಬೀಳದ ಇರ್ತಾವೇನು? ಅವು ಬಿದ್ದುವು. ಇವತ್ತಿಗೂ ತಿಕೋಟಾಕ್ಕ ಹ್ವಾದಾಗ ಒಣದ್ರಾಕ್ಷಿ ಶೆಡ್ಡಿನ್ಯಾಗ ಬಾಕ್ಸ ಲೆಕ್ಕ ಹಾಕುವಾಗ ನನ್ನ ಬಲಗೈ ತಾನ ಅಲ್ಲಾಡತೈತಿ. ‘ಆಯೀ, ಕೈ ನಡುಗಾಕತ್ತೈತಿ, ಡಾಕ್ಟರಿಗೆ ತೋರಸ್ರಿ,’ ಅಂತಾರ ಕೆಲಸದ ಹೆಣ್ಣಮಕ್ಕಳು. ಅದು ನಡುಕ ಅಲ್ಲ, ನನ್ನ ಮಗ್ಗಿ.

ನಾಕನೇ ಇಯತ್ತೆ ಇದ್ದಾಗ ನಮ್ಮಪ್ಪಗ ಯಾರೋ, ನಿನ್ನ ಮಗಳು ಬಯಲಾಗ ಕುಣೀತಾಳ ಅಂದ್ರು. ಅಪ್ಪ ಬಂದು ಮಾಸ್ತರ್ರಿಗೆ, ‘ಓದಿಸ್ರಿ, ಬ್ಯಾಡನ್ನೂದಿಲ್ಲ. ಕುಣಸಬ್ಯಾಡ್ರಿ,’ ಅಂದಾ. ಮುಂದಿನ ಶನಿವಾರ ನಾ ಮತ್ತ ಸಗಣಿ ಬುಟ್ಟಿ ಹಿಡದೆ. ಹೊರಗ ಝಲ್ ಝಲ್ ಕೇಳಕೋತ ನೆಲಾ ಸಾರಿಸಿದೆ. ಅದರ ಮುಂದಿನ ಶನಿವಾರ ಹೋಗಲಿಲ್ಲ. ಆಮ್ಯಾಲೆ ಸೋಮಾರನೂ ಹೋಗಲಿಲ್ಲ. ಅಪ್ಪ ಕೇಳಿದಾ, ಅವ್ವ ಕೇಳಿದಳು, ಮಾಸ್ತರ್ರು ಮನಿತನಕ ಬಂದ್ರು. ಹೊಟ್ಟಿ ನೋಯಾಕತ್ತೈತಿ ಅಂದೆ. ಖರೇನ ನೋಯತಿತ್ತು. ಮುದುಕಿ ಯಾಕ ಕಲೀಲಿಲ್ಲ ಅಂತ ಈಗ ಯಾರರ ಕೇಳಿದ್ರ ಎಲ್ಲಾರೂ, ಆಗಿನ ಕಾಲ ಹಂಗಿತ್ತು, ಸಾಲಿ ಬಿಡಿಸಿದ್ರು ಅಂತಾರ. ಸುಳ್ಳ. ಅವರು ಲೇಜೀಮು ಬಿಡಿಸಿದ್ರು. ಸಾಲಿ ನಾನ ಬಿಟ್ಟೆ.

ಇದನ್ನ ಕೇಳಿ ಸಾಲ್ಯಾವರು ತಲಿ ಅಲ್ಲಾಡಸಬ್ಯಾಡ್ರಿ, ನಿಮ್ಮ ಮ್ಯಾಲೂ ನನಗ ಸಿಟ್ಟೈತಿ. ಯಾರರ ದೊಡ್ಡವರು ಬರ್ತಾರಂದ್ರ ಇದ ಲೇಜೀಮಿನ ಹುಡುಗರನ್ನ ಗೇಟಿನ ಮುಂದ ಬಿಸಲಾಗ ನಿಲ್ಲಸ್ತೀರಿ. ಕಾರು ಬರೂತನಕ ನೀರಿಲ್ಲ ನಿಡಿಯಿಲ್ಲ. ವರ್ಷದ ಗ್ಯಾದರಿಂಗ್ ಬಂತಂದ್ರ ಹುಡುಗೂರ ಮಾರಿಗೆ ಪೌಡರ್ ಬಡದು, ತುಟಿಗೆ ಬಣ್ಣಾ ಹಚ್ಚಿ, ಪಾಠಾ ಬಿಡಿಸಿ ಸಿನಿಮಾ ಹಾಡಿಗೆ ನಡಾ ಕುಣಸ್ತೀರಿ, ಅಪ್ಪ ಅವ್ವ ಫೋನ್ ಎತ್ತಿ ಹಿಡೀತಾರ. ಕುಣಿಯಾಕ ಬಾರದ ಹುಡುಗರು ಹಿಂದ ಕುಂತು ಚಪ್ಪಾಳಿ ತಟ್ಟಬೇಕು. ಅದು ಆಟ ಅಲ್ಲ, ಅದು ದುಡಿಮಿ. ಅಂಥಾದ್ದರಿಂದ ಓದು ಕೆಡತೈತಿ ಅಂದ್ರ ನಾನೂ ಹೌದಂತೇನಿ. ಇನ್ನ ಖಾಜಾಬಿ ಮೊಮ್ಮಗಾ ಐತಿ, ಆಟದ ಹೆಸರ ಎತ್ತೂದಿಲ್ಲ, ಪುಸ್ತಕದಾಗ ಮಾರಿ ಇಟ್ರ ಊಟಕ್ಕ ಎಬ್ಬಸಬೇಕು, ಮಾರ್ಕ್ಸೂ ಛಲೋ ಬರ್ತಾವ. ಇಲ್ಲನ್ನೂದಿಲ್ಲ. ಒಂದು ಬಳ್ಳಿ ತಾನ ಹಂದರಾ ಏರತೈತಿ, ಒಂದಕ್ಕ ಕಟ್ಟಿಗಿ ಆಸರ ಬೇಕು. ಆಸರ ಬೇಕಾದ ಬಳ್ಳಿದು ಕಟ್ಟಿಗೀನ ಕಿತ್ತಿಡತೀರಲ್ಲ, ಅದಕ್ಕ ಏನನ್ಬೇಕು?

ಮೊನ್ನೆ ಐತಾರ ಮಲ್ಲಪ್ಪ ಮತ್ತ ಬಂದಿದ್ದಾ. ಛಾಟ್ನಿ ಕತ್ತರಿ, ಅಂದ್ರ ಬಳ್ಳಿ ಕಡಿಯೂ ಕತ್ತರಿ, ಬಜಾರದಾಗ ಸಾಣಿ ಹಿಡಿಸಿಕೊಂಡು ಖೋಲಿಗೆ ಬಂದಾ. ಕುಂತಾಂವ ಚಹಾ ಕುಡಿಯೂಕಿಂತ ಮೊದಲ, ‘ಅಕೀನ್ನ ಕೋಚಿಂಗಿನವರ ಹಾಸ್ಟೆಲ್ಲಿಗೆ ಹಾಕೂ ವಿಚಾರ ಮಾಡೀನಿ ಬೇ. ಮುಂಜಾನಿಂದ ಮಲಗೂತನಕ ಓದು ಒಂದ ಇರತೈತಿ,’ ಅಂದಾ. ಪ್ರೀತಿ ಮೂಲ್ಯಾಗ ಕುಂತು ಪೆನ್ಸಿಲ್ ಕೆತ್ತಾಕತ್ತಿದ್ದಳು. ಮೊನಿ ಬಂದಿತ್ತು, ಆದ್ರೂ ಕೆತ್ತಾಕತ್ತಿದ್ದಳು.

ಅವನ ಭಾಷಾದಾಗ ಹೇಳಿ ನೋಡಿದೆ. ಪಡಾ ಹಾಕಿದ ಹೊಸತರಾಗ ಅಂವ ಒಂದು ಕೆಲಸಾ ಮಾಡಿದ್ದಾ. ಗೊಂಚಲಿಗೆ ಬಿಸಿಲು ಬೀಳಲಿ, ಸತ್ವ ಎಲ್ಲಾ ಹಣ್ಣಿಗೆ ಹೋಗಲಿ ಅಂತ ಎಲಿ ಹರದು ಹರದು ಬಳ್ಳಿ ಬೋಳು ಮಾಡಿದ್ದಾ. ಆ ಸಲ ಹಣ್ಣು ಗಾತ್ರ ಬರಲಿಲ್ಲ, ಬಾಯಾಗಿಟ್ರ ಹುಣಚಿಕಾಯಿ.

‘ಮಲ್ಲೂ, ಗೊಂಚಲಾ ತುಂಬೂದು ಯಾತರಿಂದ?’

‘ಎಲಿಯಿಂದ.’

‘ಎಲಿ ಮಾರ್ತಿಯೇನು ನೀ ಪ್ಯಾಟ್ಯಾಗ?’

ಅವನಿಗೆ ತಿಳೀತು, ನಾ ಎಲ್ಲಿಗೆ ಹೊಂಟೇನಿ ಅಂತ. ‘ಯವ್ವಾ, ದ್ರಾಕ್ಷಿಗೆ ಪರೀಕ್ಷೆ ಇರೂದಿಲ್ಲ ಬೇ. ಪರೀಕ್ಷೆ ಒಂದ ಮುಗೀಲಿ, ಆಮ್ಯಾಲೆ ಎಷ್ಟರ ಕುಣೀಲಿ.’

‘ಆಮ್ಯಾಲೆ ಅಂದ್ರ ಅಕೀ ಕಾಲು ಕಾಯಕೊಂಡ ಕುಂದರತಾವೇನು? ನಮ್ಮಪ್ಪನೂ ಲೇಜೀಮ ಒಂದ ಬಿಡಿಸಿದ್ದಾ. ಏನಾತು ನೋಡಿಲ್ಲಿ.’

‘ಮುತ್ಯಾ ನಿನ್ನ ಸಾಲಿ ಬಿಡಿಸಿದ್ನಲ್ಲ?’

‘ಇಲ್ಲ. ನಾ ಬಿಟ್ಟೆ.’

ಅಂವ ನನ್ನ ಮಾರಿ ನೋಡಿದಾ, ಆಮ್ಯಾಲೆ ಮೂಲ್ಯಾಗಿನ ಮಗಳ ಮಾರಿ ನೋಡಿದಾ. ಚಹಾ ಆರಿ ಕೆನಿ ಕಟ್ಟಿತ್ತು, ಹಂಗ ಕುಡದಾ. ‘ಬರೂ ಐತಾರದ ತನಕ ನೋಡೂನು,’ ಅಂದು ಬಸ್ಸಿಗೆ ಹೋದಾ. ಹೋಗೂ ಗದ್ದಲದಾಗ ಕತ್ತರಿ ಇಲ್ಲೇ ಮರತಾ. ನೋಡೂನು ಅನ್ನೂದು ಗಂಡಸರ ಉತ್ತರ, ಅದರಾಗ ಹೌದೂ ಇರೂದಿಲ್ಲ ಇಲ್ಲೂ ಇರೂದಿಲ್ಲ.

ಹಿಂಗ ಎಲ್ಲಾ ನೆನಸಿ ನೆನಸಿ ಬೈಯೂದರಾಗ ನನ್ನ ಕಸಾ ಅರ್ಧಕ್ಕ ಬಿದ್ದಿತ್ತು. ಎದ್ದೆ. ಆ ಕತ್ತರಿ ತಂದು ಸುತಳಿಗೆ ಹಾಕಿದೆ. ಹೊಸಾ ಸಾಣಿ, ಒಂದ ಏಟಿಗೆ ಹರೀತು. ಸರಪಳಿ ಜೋತು ಬಿದ್ದು ಝಲ್ ಅಂತು. ಚಾಪಿ ಮ್ಯಾಲ ಪ್ರೀತಿ ಈಕಡೆ ಹೊರಳಿದಳು.

‘ಆಯಿ, ಅಪ್ಪ ಬೈತಾನ.’

‘ನಾ ಅವನ ಅವ್ವ. ಬೈಯೂದು ಅವನಿಗೆ ಕಲಿಸಿದಾಕೀನ ನಾನು.’

ಸೆರಗ ಸಿಗಿಸಿ ಲೇಜೀಮು ನಾನ ಹಿಡದೆ. ಎಷ್ಟು ವರ್ಷಾತೋ ಹಿಡೀಲಾರದ. ಮೊಣಕಾಲು ಬ್ಯಾಡ ಅಂದುವು, ಕೈ ಕೇಳಲಿಲ್ಲ. ಏಳೊಂದ್ಲೆ ಏಳು, ಝಲ್. ಏಳೆರಡ್ಲೆ ಹದಿನಾಕು, ಝಲ್. ಬಾಗಲದಾಗ ಖಾಜಾಬಿ ಬಂದು ನಿಂತು, ‘ಯಾ ಅಲ್ಲಾ! ಏನವ್ವಾ ಇದು, ಸ್ಕಾಲರ್‌ಶಿಪ್ಪು ಬಂತೇನು ನಿನಗ?’ ಅಂದಳು. ನಾ ನಿಲ್ಲಲಿಲ್ಲ. ಏಳೆಂಟ್ಲೆ ಬಂತು. ಹಿಂದಕ್ಕ ತಿರುಗಿದೆ, ನೀರಿನ ಕೊಡಕ್ಕ ಕಾಲು ತಾಗಿತು, ಲೆಕ್ಕ ಎಂದಿನಂಗ ಕೈಬಿಟ್ಟಿತು.

‘ಏಳೆಂಟ್ಲೆ ಐವತ್ತ... ಐವತ್ತ ನಾಕು!’

‘ಐವತ್ತಾರು!’

ಹೊರಳಿ ನೋಡತೇನಿ, ಚಾಪಿ ಮ್ಯಾಲ ಹುಡುಗಿ ಎದ್ದು ಕುಂತೈತಿ. ಬೊಟ್ಟ ಮ್ಯಾಲ ಎತ್ತೈತಿ. ತನಗ ಗೊತ್ತಿಲ್ಲದ ಎತ್ತೈತಿ.

‘ಲೆಕ್ಕ ಅಷ್ಟ ಅಲ್ಲ ಆಯಿ, ಕಾಲೂ ತಪ್ಪೈತಿ. ತಿರುಗುವಾಗ ಎಡಗಾಲು ಮೊದಲ. ತಾ ಇಲ್ಲೆ.’

ಕೊಟ್ಟೆ. ಬಾಯಿ ತಗದು ಏನರ ಅಂದ್ರ ಅಕಿ ಮತ್ತ ಮಲಗ್ಯಾಳು ಅಂತ ಸುಮ್ಮನ ಕೊಟ್ಟೆ. ಖೋಲಿ ಸಣ್ಣದಾತು ಅಂತ ಅಕಿ ಅಂಗಳಕ್ಕ ಇಳದಳು. ಚಾಳಿನ ರೊಟ್ಟಿ ಸಪ್ಪಳ ಒಂದೊಂದ ನಿಂತುವು. ಆಯಿಗೋಳೆಲ್ಲಾ ಹಿಟ್ಟಿನ ಕೈಲೆ ಬಾಗಲಕ್ಕ ಬಂದ್ರು. ಅಷ್ಟರಾಗ ಮಲ್ಲಪ್ಪನ ಫೋನು. ಹಲೋ ಅನ್ನಲಿಲ್ಲ ನಾನು, ಫೋನು ಅಂಗಳದ ಕಡೆ ಹಿಡದೆ. ಭಾಳ ಹೊತ್ತ ಹಿಡದೆ, ಕೈ ಸೋತಾಗ ಕಿವಿಗೆ ಹಚ್ಚಿದೆ.

‘ಯವ್ವಾ,’ ಅಂದಾ ಕಡೀಕ. ‘ಸುತಳಿ ಬಿಚ್ಚಿದಿ ಹೌದಲ್ಲ?’

‘ಬಿಚ್ಚಲಿಲ್ಲ, ಹರದೆ. ಇನ್ನ ಹಾಸ್ಟೆಲ್ಲಿಗೆ ಹಾಕೂದಾದ್ರ ಮೊದಲ ನನ್ನ ಹಾಕು.’

‘ಮಾರ್ಕ್ಸ ಬರಲಿಲ್ಲಂದ್ರ?’

‘ಈಗೇನ ಬರಾಕತ್ತಾವೇನೋ?’

ಅವನ ಕಡೆ ಟ್ರ್ಯಾಕ್ಟರ್ ಬಂದ್ ಮಾಡಿದಾ, ಲೇಜೀಮಿನ ಸಪ್ಪಳ ಕೇಳಾಕಂತ ಕಾಣತೈತಿ. ‘ಆಟದ ಸರ್‌ಗೆ ನಾ ಫೋನ್ ಮಾಡತೇನಿ,’ ಅಂದು ಇಟ್ಟಾ. ಆಮ್ಯಾಲೆ ಮತ್ತ ಹಚ್ಚಿ, ‘ಕತ್ತರಿ ಅಲ್ಲೇ ಐತೇನು?’ ಅಂದಾ.

‘ಐತಿ. ಬಂದು ಒಯ್ಯಿ,’ ಅಂದೆ.

ಪ್ರೀತಿ ತಡಾ ಆದ್ರೂ ಸಾಲಿಗೆ ಹೋದಳು. ಲೇಜೀಮು ಹೆಗಲಿಗೆ ಹಾಕ್ಕೊಂಡು ಹೋದಳು. ಹೊಟ್ಟಿ ಹೆಂಗೈತಿ ಅಂದ್ರ, ‘ಐತಿ, ಸ್ವಲ್ಪ’ ಅಂದಳು. ಸುಳ್ಳ ಹೇಳಲಿಲ್ಲ, ಅದು ನನಗ ಸೇರಿತು. ಮಾರ್ಕ್ಸ ಏರತಾವೋ ಇಲ್ಲೋ, ಆ ಪರೀಕ್ಷೆ ಪಾಸಾಗತಾಳೋ ಇಲ್ಲೋ ನನಗ ಗೊತ್ತಿಲ್ಲ, ಗೊತ್ತೈತಿ ಅನ್ನಾಕ ನಾ ಕೋಚಿಂಗ ನಡಸೂದಿಲ್ಲ. ಅರ್ಧಕ್ಕ ಬಿಟ್ಟ ಕಸಾ ಹೊಡದು ಮುಗಿಸಿದೆ. ಕದದ ಹಿಂದಿನ ಮೊಳಿ ಖಾಲಿ ಇತ್ತು. ಅದ ಮೊಳಿಗೆ ಕತ್ತರಿ ತೂಗಹಾಕೀನಿ. ಮತ್ತ ಯಾರರ ಸುತಳಿ ತಂದ್ರ ಹುಡುಕಾಡಬಾರದಲ್ಲ.